ಕ್ಲಾಗೆನ್‌ಫುರ್ಟ್‌ನ ಬಾಖ್‌ಮನ್ ಪ್ರಶಸ್ತಿಗೆ ಹೋಗುವ ಮುನ್ನ

ನೀವು ಕೇಳಿದ್ದು ಎರಡು ವಿಷಯ. ಕೆಲಸಕ್ಕೆಂದು ಆಸ್ಟ್ರಿಯಾದ ವಿಲ್ಲಾಖ್‌ಗೆ ಬಂದಿದ್ದೀರಿ, ಜರ್ಮನ್ ಕಲಿಕೆಯಲ್ಲಿ ಬಿ2 ಹಂತ ಮುಗಿದಿದೆ; ಪಕ್ಕದ ಕ್ಲಾಗೆನ್‌ಫುರ್ಟ್‌ನಲ್ಲಿ ಲೇಖಕರು ತಮ್ಮ ಜರ್ಮನ್ ಬರಹವನ್ನು ಸ್ಪರ್ಧೆಗೆ ಓದುವ ಇಂಗೆಬೋರ್ಗ್ ಬಾಖ್‌ಮನ್ ಸಾಹಿತ್ಯ ಪ್ರಶಸ್ತಿಯ ಓದಿಗೆ ಹೋದರೆ ಏನಾದರೂ ತಲೆಗೆ ಹತ್ತೀತೇ? ಕನ್ನಡದಲ್ಲಿ ಕಥೆ ಬರೆಯುವವರು ಮುಂದೊಂದು ದಿನ ಅಲ್ಲಿಗೆ ಕಳಿಸಬಹುದೇ? ಮೊದಲನೆಯದಕ್ಕೆ ನನ್ನ ಉತ್ತರ: ಮುಂದಿನ ಹಂತವಾದ ಸಿ1 ಆಗಲಿ ಎಂದು ಕಾಯಬೇಡಿ, ಈ ಸಲವೇ ಹೋಗಿ. ಎರಡನೆಯದಕ್ಕೆ: ಕಳಿಸಬಹುದು, ಆದರೆ ಜರ್ಮನ್‌ನಲ್ಲೇ ಬರೆದದ್ದನ್ನು.

ಪ್ರಶಸ್ತಿ ಶುರುವಾದದ್ದು 1977ರಲ್ಲಿ, ಕ್ಲಾಗೆನ್‌ಫುರ್ಟ್‌ನಲ್ಲೇ ಹುಟ್ಟಿ 1973ರಲ್ಲಿ ರೋಮ್‌ನಲ್ಲಿ ತೀರಿಕೊಂಡ ಕವಿ ಬಾಖ್‌ಮನ್ ಹೆಸರಿನಲ್ಲಿ. ಬೇರೆ ಪ್ರಶಸ್ತಿಗಳಲ್ಲಿ ತೀರ್ಪುಗಾರರು ಮುಚ್ಚಿದ ಕೋಣೆಯಲ್ಲಿ ಕೂತು ಹೆಸರು ಪ್ರಕಟಿಸುತ್ತಾರೆ. ಇಲ್ಲಿ ಎಲ್ಲವೂ ಎಲ್ಲರೆದುರೇ. ಜೂನ್ ಕೊನೆ ಅಥವಾ ಜುಲೈ ಮೊದಲಲ್ಲಿ, ಬುಧವಾರ ಸಂಜೆ ಉದ್ಘಾಟನೆ, ಯಾರು ಯಾವಾಗ ಓದಬೇಕೆಂದು ಚೀಟಿ ಎತ್ತುವುದು. ಗುರುವಾರದಿಂದ ಶನಿವಾರದವರೆಗೆ ಓದು, ಭಾನುವಾರ ಪ್ರಶಸ್ತಿ. ಏಳು ತೀರ್ಪುಗಾರರು ತಲಾ ಇಬ್ಬರನ್ನು ಆರಿಸುವುದರಿಂದ ಸಾಮಾನ್ಯವಾಗಿ 14 ಲೇಖಕರು. ಪ್ರತಿಯೊಬ್ಬರೂ ಎಲ್ಲೂ ಪ್ರಕಟವಾಗದ ಬರಹವೊಂದನ್ನು ಸುಮಾರು 25 ನಿಮಿಷ ಓದುತ್ತಾರೆ. ಓದು ಮುಗಿದ ತಕ್ಷಣ ಏಳೂ ಜನ ಅದನ್ನು ಬಿಡಿಸಿ ನೋಡುತ್ತಾರೆ, ತಮ್ಮತಮ್ಮಲ್ಲೇ ಜಗಳವಾಡುತ್ತಾರೆ. ಲೇಖಕರು ಸಾಮಾನ್ಯವಾಗಿ ಸುಮ್ಮನೆ ಕೂತು ಕೇಳುತ್ತಾರೆ. ಅಷ್ಟೂ 3ಸಾಟ್ ವಾಹಿನಿಯಲ್ಲಿ ನೇರಪ್ರಸಾರ. ನಮ್ಮ ಪುಸ್ತಕ ಬಿಡುಗಡೆಯ ಭಾಷಣಗಳನ್ನು ಕೇಳಿ ಬಂದವರಿಗೆ ಇದು ಕ್ರೌರ್ಯವೆನಿಸಬಹುದು. ನನಗಂತೂ ಓದುಗರ ಮೇಲಿನ ಗೌರವವೆಂದೇ ಅನಿಸುತ್ತದೆ: ಒಂದು ವಾಕ್ಯ ಏಕೆ ನಿಲ್ಲುತ್ತದೆ, ಏಕೆ ಬೀಳುತ್ತದೆ ಎಂಬುದನ್ನು ಎಲ್ಲರೂ ಕೇಳುವಂತೆ ಹೇಳಬೇಕಾಗುತ್ತದೆ.

ಮೊದಲ ಸಲ ಹೋಗುವವರು ಎಡವುವುದು ಒಂದೇ ಕಡೆ. ಕಿವಿಯನ್ನೇ ನಂಬಿ ಕೂರುತ್ತಾರೆ. ಸಾಹಿತ್ಯದ ಜರ್ಮನ್ ಕಿವಿಗೆ ಬಿದ್ದಾಗ ಕ್ರಿಯಾಪದಕ್ಕೆ ಕಾದು ಕಾದು ವಾಕ್ಯವೇ ಕೈತಪ್ಪುತ್ತದೆ. ಸ್ವಿಸ್, ಆಸ್ಟ್ರಿಯನ್ ಉಚ್ಚಾರಣೆ ಬಂದರೆ ಇನ್ನೂ ಕಷ್ಟ. ಆದ್ದರಿಂದ ಕಣ್ಣೆದುರು ಬರಹ ಇರಲೇಬೇಕು. ಓದಿನ ಜೊತೆಗೇ ಅದು ಪ್ರಶಸ್ತಿಯ ಜಾಲತಾಣದಲ್ಲಿ ಪಿಡಿಎಫ್ ಆಗಿ ಸಿಗುತ್ತದೆ. ಬೆರಳಿಟ್ಟು ಹಿಂಬಾಲಿಸಿ, ಗೊತ್ತಿಲ್ಲದ ಪದಕ್ಕೆ ಗುರುತು ಹಾಕಿ ಮುಂದೆ ಹೋಗಿ, ಅಲ್ಲೇ ನಿಘಂಟು ತೆರೆದರೆ ಎರಡು ಪ್ಯಾರಾ ಹೋಯಿತು.

ತಯಾರಿಗೆ ಅದೇ ಜಾಲತಾಣದಲ್ಲಿ ಹಿಂದಿನ ವರ್ಷಗಳ ಬರಹಗಳಿವೆ. 2016ರಲ್ಲಿ ಗೆದ್ದ ಶಾರನ್ ಡೊಡುವಾ ಓಟೂ ಅವರ ಕಥೆಯಿಂದ ಶುರುಮಾಡಿ: ನಿವೃತ್ತ ಎಂಜಿನಿಯರ್ ಒಬ್ಬ ತಿಂಡಿಗೆ ಕೂತಿದ್ದಾನೆ, ಬೇಯಿಸಿದ ಮೊಟ್ಟೆ ಗಟ್ಟಿಯಾಗಿಲ್ಲ. ಬಹುಪಾಲು ನಡೆಯುವುದು ಊಟದ ಮೇಜಿನ ಸುತ್ತ, ಪದಗಳು ನಿಮಗೆ ಗೊತ್ತಿರುವಂಥವು. ಮೊದಲು ನೀವೇ ಓದಿ, ಆಮೇಲೆ ಓದಿನ ವಿಡಿಯೊ, ಕೊನೆಗೆ ಚರ್ಚೆಯ ವಿಡಿಯೊ. ವಾರಕ್ಕೊಂದು ಬರಹವಾದರೆ ಸಾಕು. ಚರ್ಚೆ ಮೊದಲಿಗೆ ಅರ್ಥವಾಗದು. ನಾಲ್ಕನೆಯದೋ ಐದನೆಯದೋ ಬರುವಷ್ಟರಲ್ಲಿ ತೀರ್ಪುಗಾರರ ಪದಗಳು ಮರುಕಳಿಸುವುದು ಕಾಣತೊಡಗುತ್ತದೆ.

ವಿಲ್ಲಾಖ್‌ನಿಂದ ರೈಲಿನಲ್ಲಿ ಅರ್ಧ ಗಂಟೆ ಆಚೀಚೆ. ಓದು ನಡೆಯುವುದು ಆಸ್ಟ್ರಿಯಾದ ಸಾರ್ವಜನಿಕ ಪ್ರಸಾರ ಸಂಸ್ಥೆ ಓಆರ್‌ಎಫ್‌ನ ಕೆರ್ನ್ಟನ್ ಪ್ರಾಂತ್ಯದ ಸ್ಟುಡಿಯೊದಲ್ಲಿ, ಬೆಳಿಗ್ಗೆ 10ಕ್ಕೆ ಶುರು. ಜಾಗ ಕಡಿಮೆ, ಬೇಗ ಹೋಗಿ. ಸಿಗದಿದ್ದರೆ ಲೆಂಡ್‌ಹಾಫೆನ್‌ನಲ್ಲಿ ಕಾಲುವೆಯ ದಡದಲ್ಲಿ ಪರದೆ ಹಾಕಿ ನೋಡುವ ರೂಢಿಯಿದೆ, ಅಲ್ಲಿ ಅಕ್ಕಪಕ್ಕದವರನ್ನು ಮಾತಾಡಿಸುವುದೂ ಸುಲಭ. ಗುರುವಾರ, ಶುಕ್ರವಾರ ಕೆಲಸದ ದಿನ. ಬೇಸಿಗೆ ರಜೆಗೆ ಎಲ್ಲರೂ ಅರ್ಜಿ ಹಾಕುವ ಕಾಲವಾದ್ದರಿಂದ ವಸಂತದಲ್ಲೇ ಶುಕ್ರವಾರವನ್ನು ಕೇಳಿಟ್ಟುಕೊಳ್ಳಿ. ಒಂದೇ ದಿನಕ್ಕೆ ಎಲ್ಲ ಬರಹವನ್ನೂ ಹಿಡಿಯಲು ಹೋಗಬೇಡಿ, ಮೂರು ಬರಹ ಕೇಳಿದ ಮೇಲೆ ಪರಭಾಷೆಯಲ್ಲಿ ಕಿವಿ ಸೋಲುತ್ತದೆ.

ಇನ್ನು ಬರೆಯುವ ಮಾತು. ಹುಟ್ಟುಭಾಷೆ ಬೇರೆಯಾದದ್ದು ಇಲ್ಲಿ ಅಡ್ಡಿಯಲ್ಲ. ಟರ್ಕಿಯಲ್ಲಿ ಹುಟ್ಟಿದ ಎಮಿನೆ ಸೆವ್ಗಿ ಓಝ್ದಮಾರ್ 1991ರಲ್ಲಿ, ಉಕ್ರೇನ್‌ನ ತಾನ್ಯಾ ಮಾಲ್ಯಾರ್ಚುಕ್ 2018ರಲ್ಲಿ, ಸ್ಲೊವೇನಿಯಾದ ಅನಾ ಮರ್ವಾನ್ 2022ರಲ್ಲಿ ಗೆದ್ದರು. ಓಟೂ ಅವರೂ ಲಂಡನ್‌ನಲ್ಲಿ ಹುಟ್ಟಿದವರು. ಹೊರಗಿನಿಂದ ಬಂದು ಜರ್ಮನ್‌ನಲ್ಲಿ ಬರೆಯುವವರಿಗೆಂದೇ ಇದ್ದ ಶಾಮಿಸ್ಸೊ ಪ್ರಶಸ್ತಿ 1985ರಿಂದ 2017ರವರೆಗೆ ನಡೆದು ನಿಂತಿತು. ಇಂಥವರು ಈಗ ಮುಖ್ಯ ಪ್ರಶಸ್ತಿಗಳನ್ನೇ ಗೆಲ್ಲುತ್ತಿದ್ದಾರೆ ಎಂಬುದು ನಿಲ್ಲಿಸಿದ್ದಕ್ಕೆ ಒಂದು ಕಾರಣ. ವಯಸ್ಸೂ ಅಡ್ಡಿಯಲ್ಲ. 1980ರಲ್ಲಿ ಆಹ್ವಾನ ಬಂದರೂ ಪೂರ್ವ ಜರ್ಮನಿ ಹೊರಗೆ ಬಿಡದಿದ್ದ ಹೆಲ್ಗಾ ಶೂಬರ್ಟ್ 2020ರಲ್ಲಿ, 80ರ ಪ್ರಾಯದಲ್ಲಿ ಗೆದ್ದರು.

ಕಳಿಸುವ ಬರಹಕ್ಕೆ ಪ್ರಕಾಶಕರ ಅಥವಾ ಸಾಹಿತ್ಯ ಪತ್ರಿಕೆಯ ಶಿಫಾರಸು ಬೇಕು. ಅನುವಾದ ನಡೆಯದು. ಬ್ಲಾಗಿನಲ್ಲಿ ಹಾಕಿದ್ದನ್ನೂ ಕಳಿಸಬೇಡಿ. ನಿಮಿಷಕ್ಕೆ 120 ಪದದಂತೆ ಓದಿದರೆ 25 ನಿಮಿಷಕ್ಕೆ 3,000 ಪದ. ಗಡಿಯಾರವಿಟ್ಟು ಜೋರಾಗಿ ಓದಿ ಅಳೆಯಿರಿ. ಕಾದಂಬರಿಯಿಂದ ಕತ್ತರಿಸಿದ ತುಂಡು ತನ್ನ ಕಾಲ ಮೇಲೆ ನಿಲ್ಲದಿದ್ದರೆ ಚರ್ಚೆಯಲ್ಲಿ ಮೊದಲು ಏಟು ಬೀಳುವುದು ಅಲ್ಲೇ.

ಶಿಫಾರಸು ಒಂದೇ ಸಲಕ್ಕೆ ಕೈಗೆ ಬರುವುದಿಲ್ಲ. ಗ್ರಾಟ್ಸ್‌ನ ಮಾನುಸ್ಕ್ರಿಪ್ಟೆ, ಲಿಖ್ಟುಂಗೆನ್ ಪತ್ರಿಕೆಗಳ ಎರಡು ಮೂರು ಸಂಚಿಕೆ ಓದಿ, ಅಲ್ಲಿಗೆ ಹೊಂದುವ ಚಿಕ್ಕ ಗದ್ಯ ಕಳಿಸಿ. ಅದಕ್ಕೂ ಮೊದಲು ವಿಯೆನ್ನಾದ ಎಕ್ಸಿಲ್ ಸಂಸ್ಥೆಯ ಸಾಹಿತ್ಯ ಬಹುಮಾನ ನೋಡಿ. ಬೇರೆ ಭಾಷೆಯಿಂದ ಬಂದು ಜರ್ಮನ್‌ನಲ್ಲಿ ಬರೆಯುವವರಿಗೆಂದೇ 1997ರಲ್ಲಿ ಶುರುವಾದದ್ದು ಅದು. ನಿಮ್ಮ ಮೊದಲ ಜರ್ಮನ್ ಕಥೆಯನ್ನು ಕಳಿಸಬೇಕಾದ್ದು ಅಲ್ಲಿಗೆ.