ಸೂರ್ಯಾಸ್ತ ಬೇಡ, ಗಿರಣಿ ಮೂಲೆಯ ಫೋಟೋ ಕಳಿಸು

ತಂಗಿ,

ನಿನ್ನ ಪತ್ರ ಎರಡು ಸಲ ಓದಿದೆ. ಧಾರವಾಡ ಬಿಟ್ಟು ಪುಣೆಗೆ ಬಂದು ಇನ್ನೂ ಮೂರು ತಿಂಗಳು. ಅಷ್ಟರಲ್ಲೇ ಪಿಜಿಯ ಮೆಟ್ಟಿಲ ಮೇಲೆ ಮಳೆನೀರಿಗೆ ಜಾರಿ ಬಿದ್ದು ಕಾಲಿಗೆ ಪ್ಲಾಸ್ಟರ್. ಆರು ವಾರ ಕಾರ್ವೇನಗರದ ಆ ರೂಮು ಬಿಟ್ಟು ಕದಲುವ ಹಾಗಿಲ್ಲ. "ಸಂಜೆ ಐದಾದರೆ ಸಾಕು ಅಕ್ಕಾ, ಯೂನಿವರ್ಸಿಟಿ ಗುಡ್ಡ ನೆನಪಾಗಿ ಅಳು ಬರುತ್ತದೆ. ಲಾಕ್‌ಡೌನ್‌ನಲ್ಲಿ ನೀವು ಮನೆಯಲ್ಲೇ ಕೂತು ಧಾರವಾಡ ಸುತ್ತಿದ್ದಿರಂತೆ, ಹೇಗೆ? ಮತ್ತೆ ಈ ಊರು ನಮ್ಮದು ಅನ್ನಿಸೋಕೆ ಎಷ್ಟು ವರ್ಷ ಬೇಕು?" ಅಂತ ಕೇಳಿದ್ದೀಯ.

ಎರಡನೇ ಪ್ರಶ್ನೆ ಮೊದಲು ಮುಗಿಸಿಬಿಡುತ್ತೇನೆ. ನಾನು 1998ರಲ್ಲಿ ಮದುವೆಯಾಗಿ ಕೋಥ್ರೂಡ್‌ಗೆ ಬಂದವಳು. ಭಾಜಿಯವನ ಜೊತೆ ಮರಾಠಿಯಲ್ಲಿ ಜಗಳ ಆಡೋದು ಒಂದು ವರ್ಷದಲ್ಲಿ ಬಂತು. ಚಿಲ್ಲರೆ ಮಾತ್ರ ಈಗಲೂ ಕನ್ನಡದಲ್ಲೇ ಎಣಿಸುತ್ತೇನೆ. ಇದರಲ್ಲಿ ನಿನಗೆ ಏನು ಉತ್ತರ ಸಿಗುತ್ತೋ ನೋಡಿಕೋ.

ಈಗ ನಡಿಗೆಯ ವಿಷಯ. ಅದು ನಾನು ಕಂಡುಹಿಡಿದದ್ದಲ್ಲ, ನಮ್ಮ ಅವ್ವ ಮಾಡಿದ್ದು.

2020ರ ಶಿವರಾತ್ರಿಗೆ ಅವ್ವ ನಮ್ಮ ಮನೆಗೆ ಬಂದಿದ್ದಳು. ಯುಗಾದಿ ಇಲ್ಲೇ ಮಾಡಿಕೊಂಡು ವಾಪಸ್ ಹೋಗೋದು ಅಂತ ಮಾತಾಗಿತ್ತು. ಆ ಸಲ ಯುಗಾದಿ ಬಂದದ್ದೂ ಮಾರ್ಚ್ 25ಕ್ಕೆ, ಲಾಕ್‌ಡೌನ್ ಶುರುವಾಗಿದ್ದೂ ಅದೇ ದಿನ. ಬೇವು ಬೆಲ್ಲ ತಿಂದು ಕೂತವಳು ಏಳಲೇ ಇಲ್ಲ. ಮುಂದೆ ಮೇನಲ್ಲಿ ದಾರಿ ತೆರೆಯಿತು ಅಂದುಕೊಂಡರೆ, ಮಹಾರಾಷ್ಟ್ರದಿಂದ ಬರುವವರಿಗೆ ಕರ್ನಾಟಕ ಸರ್ಕಾರದ ಸೇವಾ ಸಿಂಧು ಪಾಸು ಬೇಕು, ಹೋದಮೇಲೆ ಬೇರೆ ಕಡೆ ಕ್ವಾರಂಟೈನ್ ಇರಬೇಕು. ಮೊಣಕಾಲು ನೋವಿನ ಮುದುಕಿಯನ್ನು ಯಾವ ಹಾಸ್ಟೆಲ್‌ನಲ್ಲಿ ಇರಿಸೋದು? ಬೇಡ, ಇಲ್ಲೇ ಇರು ಅಂದೆವು. ಅವಳು ಇದ್ದಳು. ಬರೋಬ್ಬರಿ ಒಂಬತ್ತು ತಿಂಗಳು.

ನಾನು ಬೆಳಿಗ್ಗೆ ಟೇಕಡಿಗೆ ಹೋಗುವವಳು. ಇಲ್ಲಿ ಗುಡ್ಡಕ್ಕೆ ಟೇಕಡಿ ಅಂತಾರೆ, ಇಷ್ಟರಲ್ಲಿ ಗೊತ್ತಾಗಿರಬೇಕು ನಿನಗೆ. ವೇತಾಳ ಟೇಕಡಿ ನಮ್ಮ ಮನೆಯಿಂದ ಹದಿನೈದು ನಿಮಿಷ. ಅದೂ ಬಂದ್ ಆಯಿತು. ನಮ್ಮ ಸೊಸೈಟಿಯವರು ಟೆರೇಸ್‌ಗೂ ಬೀಗ ಹಾಕಿದರು. ಏಪ್ರಿಲ್‌ನಲ್ಲಿ ಪೌಡ್ ರೋಡಿನ ಗಾಡಿ ಸದ್ದು ನಿಂತ ಮೇಲೆ ಅಡುಗೆಮನೆ ಕಿಟಕಿಯಲ್ಲಿ ನವಿಲು ಕೂಗೋದು ಕೇಳಿಸುತ್ತಿತ್ತು. ಟೇಕಡಿಯ ಹಳೆ ಕಲ್ಲುಕ್ವಾರಿ ಕಡೆಯ ನವಿಲು. ಇಪ್ಪತ್ತು ವರ್ಷದಲ್ಲಿ ಆ ಕೂಗು ಮನೆ ತನಕ ಬಂದಿರಲಿಲ್ಲ. ಕೇಳಿ ಖುಷಿಯಾಗಬೇಕಿತ್ತು. ನನಗೆ ಸಿಟ್ಟೇ ಜಾಸ್ತಿ ಬಂತು.

ಆಗ ಎಲ್ಲರೂ ಮನೆಯಲ್ಲೇ ಪ್ರವಾಸ ಅಂತ ವಿಡಿಯೋ ಹಂಚುತ್ತಿದ್ದರು, ನೆನಪಿದೆಯಾ? ಟಿವಿಯಲ್ಲಿ ಸ್ವಿಟ್ಜರ್ಲ್ಯಾಂಡ್ ಹಾಕಿದೆ. ಹಸಿರು ಗುಡ್ಡ, ಗಂಟೆ ಕಟ್ಟಿದ ಆಕಳು. ಅವ್ವ ಐದು ನಿಮಿಷ ನೋಡಿದಳು. "ಛಲೋ ಅದ. ಯಾರ ಊರಿದು?" ಅಂದಳು. ಆಮೇಲೆ ಕೂತಲ್ಲೇ ನಿದ್ದೆ.

ನಾನು ಮೊಬೈಲ್ ಮ್ಯಾಪಿನಲ್ಲಿ ಧಾರವಾಡದ ರಸ್ತೆಗೆ ಇಳಿಯಲು ನೋಡಿದೆ. ಆಗ ನಮ್ಮ ದೇಶದ ರಸ್ತೆಗಳಿಗೆ ಸ್ಟ್ರೀಟ್ ವ್ಯೂ ಇರಲಿಲ್ಲ. ಅದು ಬಂದದ್ದು 2022ರಲ್ಲಿ, ಮೊದಲ ಹತ್ತು ಊರುಗಳಲ್ಲಿ ಪುಣೆ ಇತ್ತು, ಧಾರವಾಡ ಇರಲಿಲ್ಲ. 2020ರಲ್ಲಿ ಸಿಕ್ಕಿದ್ದು ಯಾರೋ ಪುಣ್ಯಾತ್ಮರು ಹಾಕಿದ್ದ ಒಂದೆರಡು ಫೋಟೋ. ನಾನು ಅದನ್ನು ಹಿಗ್ಗಿಸುತ್ತ ಕುಗ್ಗಿಸುತ್ತ ಕೂತಿದ್ದು ನೋಡಿ ಅವ್ವ ಅಂದಳು: "ಅದರಾಗ ಏನ್ ಹುಡಕತೀ? ಕಣ್ಣ ಮುಚ್ಚು. ಬಾಗಲಾ ಎಳಕೋ. ಚಿಲಕ ಹಾಕಿದ್ಯಾ?"

ಹಾಗೆ ಶುರುವಾಯಿತು.

ನಮ್ಮ ಹಳೆ ಮನೆ ಸಪ್ತಾಪುರದಲ್ಲಿತ್ತು. 2012ರಲ್ಲಿ ಮಾರಿದೆವು. ಅವ್ವ ಈಗ ತಮ್ಮನ ಜೊತೆ ವಿದ್ಯಾಗಿರಿಯಲ್ಲಿದ್ದಾಳೆ, ಆ ಕಡೆ ಕಾಲು ಹಾಕಿ ವರ್ಷಗಳೇ ಆಗಿದ್ದವು. ಆದರೆ ನಮ್ಮ ನಡಿಗೆ ಶುರುವಾಗುತ್ತಿದ್ದದ್ದು ಆ ಹಳೆ ಮನೆಯ ಬಾಗಿಲಿನಿಂದಲೇ. ಅಲ್ಲಿಂದ ಶ್ರೀನಗರ ಸರ್ಕಲ್, ಅಲ್ಲಿಂದ ಯೂನಿವರ್ಸಿಟಿ ಗುಡ್ಡ. ಸಂಜೆ ಐದಕ್ಕೆ ಚಹಾ ಕುಡಿದು ಇಬ್ಬರೂ ಬಾಲ್ಕನಿಯಲ್ಲಿ ಕೂರುತ್ತಿದ್ದೆವು. ಸುಮ್ನೆ "ಗುಡ್ಡ ಎಷ್ಟು ಚಂದ ಇತ್ತು" ಅನ್ನುವ ಹಾಗಿಲ್ಲ. ಪ್ರತಿ ತಿರುವು ಹೇಳಬೇಕು. ಯಾರ ಕಾಂಪೌಂಡು, ಯಾವ ಮನೆ ನಾಯಿ ಬೆನ್ನು ಹತ್ತುತ್ತದೆ, ಎಲ್ಲಿ ರಸ್ತೆ ಏರುತ್ತದೆ, ಎಲ್ಲಿ ಅವ್ವ ಸೊಂಟಕ್ಕೆ ಕೈ ಇಟ್ಟು ನಿಲ್ಲುತ್ತಿದ್ದಳು. ನಾನು ಬೇಗ ಗುಡ್ಡದ ಮೇಲೆ ಹೋಗಿಬಿಟ್ಟರೆ ವಾಪಸ್ ಕರೆಯುತ್ತಿದ್ದಳು. "ಎಷ್ಟ್ ಜೋರ್ ಹೋಗತೀ, ನಾ ಇನ್ನಾ ಸರ್ಕಲ್‌ನ್ಯಾಗ ಅದೀನಿ."

ಆ ಗುಡ್ಡಕ್ಕೆ ಛೋಟಾ ಮಹಾಬಳೇಶ್ವರ ಅಂತ ಹೆಸರು, ಗೊತ್ತಲ್ವಾ? ದೊಡ್ಡ ಮಹಾಬಳೇಶ್ವರ ಇಲ್ಲಿಂದ ಸುಮಾರು 120 ಕಿಲೋಮೀಟರ್. ಎರಡು ಸಲ ಹೋಗಿದ್ದೇನೆ. ಸ್ಟ್ರಾಬೆರಿ ಚೆನ್ನಾಗಿತ್ತು, ಅಷ್ಟೇ. ಅಂದ ಹಾಗೆ, ಕರ್ನಾಟಕ ಯೂನಿವರ್ಸಿಟಿ 1949ರಲ್ಲಿ ಶುರುವಾಗಿದ್ದು ಮುಂಬೈಯಲ್ಲಿ. ಮರುವರ್ಷ ಧಾರವಾಡಕ್ಕೆ ಬಂತು. ನೀನೂ ನಾನೂ ಉಲ್ಟಾ ದಾರಿ ಹಿಡಿದಿದ್ದೇವೆ.

ನಡೆಯುತ್ತ ನಡೆಯುತ್ತ ಒಂದು ಕಡೆ ಯಾವಾಗಲೂ ಜಗಳ. ಮನೆಯಿಂದ ಹೊರಟು ಎರಡನೇ ತಿರುವಿನಲ್ಲಿ ಹಿಟ್ಟಿನ ಗಿರಣಿ. ಅದರ ಬಾಗಿಲಲ್ಲೇ ದೊಡ್ಡ ಬೇವಿನ ಗಿಡ ಅಂತ ಅವ್ವ. ಗಿಡ ಅಲ್ಲಿರಲಿಲ್ಲ, ಎದುರುಗಡೆ ಇತ್ತು ಅಂತ ನಾನು. ಜೋಳದ ಡಬ್ಬಿ ಹೊತ್ತು ಆ ಗಿರಣಿಗೆ ಹೋದವಳು ನಾನು, ನನಗೆ ಗೊತ್ತಿಲ್ಲವಾ? ಹಳೆ ಆಲ್ಬಮ್ ತೆಗೆದೆವು. ಆ ಕಾಲದ ರೀಲಿನಲ್ಲಿ 36 ಫೋಟೋ ಬರುತ್ತಿದ್ದವು. ಅಷ್ಟರಲ್ಲೂ ನಾವು ಹೊಸ ಸೀರೆ ಉಟ್ಟು ನಿಂತಿದ್ದೇವೆ, ಹಿಂದೆ ಸ್ವಲ್ಪ ಆಕಾಶ, ಸ್ವಲ್ಪ ಗುಲ್ಮೊಹರ್. ದಾರಿಯ ಫೋಟೋ ಒಂದೂ ಇಲ್ಲ. ಗಿರಣಿಯ ಫೋಟೋ ಯಾರು ತೆಗೆಯುತ್ತಾರೆ ಹೇಳು?

ಕೊನೆಗೆ ಧಾರವಾಡದಲ್ಲಿರುವ ಅಣ್ಣನ ಮಗನಿಗೆ ಫೋನ್ ಹಚ್ಚಿದೆ. ಹಾಲು ತರಲು ಹೊರಗೆ ಹೋದಾಗ ಆ ಕಡೆ ಹೋಗಿ ಒಂದು ಫೋಟೋ ಹೊಡಿ ಅಂದೆ. ಒಳ್ಳೆ ಹುಡುಗ, ಗುಡ್ಡದ ಮೇಲಿನ ಸೂರ್ಯಾಸ್ತ ಕಳಿಸಿದ. ಕೇಸರಿ ಆಕಾಶ, ಕಪ್ಪು ಗಿಡ, ಕೆಳಗೆ 'ಮಿಸ್ ಯೂ ಅಜ್ಜಿ'. ಅವ್ವ ನೋಡಿ ಅಂದಳು: "ಸೂರ್ಯಾ ಇಲ್ಲೂ ಮುಳಗತಾನ. ಗಿರಣಿ ಮೂಲೀದು ಕಳಸು ಅನ್ನು ಅವಗ."

ಮರುದಿನ ಬಂತು. ಅರ್ಧ ಎಳೆದ ಶಟರ್. ನೆಲದ ಮೇಲೆ ಗಿರಾಕಿ ದೂರ ದೂರ ನಿಲ್ಲಲಿ ಅಂತ ಸುಣ್ಣದಲ್ಲಿ ಬರೆದ ಮೂರು ಸುತ್ತು, ಮೂರನೆಯದರಲ್ಲಿ ಒಂದು ಬೆಕ್ಕು ಕೂತಿದೆ. ಬೇವಿನ ಗಿಡ ಇಲ್ಲ. "ನೋಡಿದ್ಯಾ?" ಅಂದೆ ನಾನು. ಅವ್ವ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. "ಇದು ನಮ್ಮ ಗಿರಣಿ ಅಲ್ಲ" ಅಂದಳು. ಬೋರ್ಡು ಅದೇ, ಹೆಸರು ಅದೇ, ಹುಡುಗನೂ ಆಣೆ ಮಾಡುತ್ತಾನೆ. ಅವಳು ಒಪ್ಪಲಿಲ್ಲ. ವಯಸ್ಸಾಯಿತು, ಮರೆವು ಅಂತ ನಾನು ಅಂದುಕೊಂಡೆ. ಯಜಮಾನರ ಹತ್ತಿರ ಹೇಳಿಯೂ ಬಿಟ್ಟೆ.

ಪುಣೆಯ ದಾರಿಗಳನ್ನೂ ಬಿಡಲಿಲ್ಲ. ದೇವಸ್ಥಾನ ಇರುವ ಪರ್ವತಿ ಗುಡ್ಡಕ್ಕೆ 103 ಮೆಟ್ಟಿಲು. ನಮ್ಮ ಬಿಲ್ಡಿಂಗಿನ ಮೂರು ಮಹಡಿಗೆ 54. ಎರಡು ಸಲ ಹತ್ತಿದರೆ ಪರ್ವತಿ ಮುಗಿದು ಐದು ಮೆಟ್ಟಿಲು ಉಳಿಯುತ್ತವೆ, ಅದು ಪ್ರಸಾದ. ಅವ್ವ ಮೇಲೆ ಬಾಗಿಲಲ್ಲಿ ಖುರ್ಚಿ ಹಾಕಿಕೊಂಡು ಎಣಿಸೋಳು. ನಾಲ್ಕು ದಿನ ಆದಮೇಲೆ ಕೆಳಗಿನ ಮನೆಯವರು ಮೆಟ್ಟಿಲಲ್ಲಿ ಓಡಾಡಬೇಡಿ, ರೋಗ ಹರಡುತ್ತೆ ಅಂತ ದೂರು ಕೊಟ್ಟರು. ನಿಲ್ಲಿಸಿದೆ.

ಸಿಂಹಗಡದ ಫೋಟೋ ಮಾತ್ರ ಮೊಬೈಲಲ್ಲಿ ರಾಶಿ ಇದ್ದವು. ನೀನು ಇನ್ನೂ ಹೋಗಿಲ್ಲ ಅಂದೆ. ಊರಿಂದ ಸುಮಾರು 30 ಕಿಲೋಮೀಟರ್, ಆತಕರವಾಡಿಯಿಂದ ಕಾಲುದಾರಿ. ಕೋಟೆ ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್ ಎತ್ತರ. 1670ರಲ್ಲಿ ಶಿವಾಜಿಯ ಸರದಾರ ತಾನಾಜಿ ಪ್ರಾಣ ಕೊಟ್ಟ ಕೋಟೆ. ನಾವು ಹೋಗೋದು ಪಿಠ್ಲ ಭಾಕರಿ ಮತ್ತು ಮಡಕೆ ಮೊಸರಿಗೆ, ಸುಳ್ಳು ಯಾಕೆ ಹೇಳಲಿ. ಕಣಿವೆ ಫೋಟೋ, ಕಲ್ಯಾಣ ದರವಾಜಾದ ಫೋಟೋ ಎಲ್ಲ ತೋರಿಸಿದೆ. ಅವ್ವ ಹೂಂ ಹೂಂ ಅನ್ನುತ್ತ ಬೆರಳಲ್ಲಿ ಸರಿಸಿದಳು. ಒಂದರ ಹತ್ತಿರ ಮಾತ್ರ ನಿಂತಳು. ಅದು ನನ್ನ ಮಗಳು ಚಿಕ್ಕವಳಿದ್ದಾಗ ತಪ್ಪಿ ಒತ್ತಿದ ಫೋಟೋ. ಅರ್ಧ ಮಬ್ಬು. ನನ್ನ ಎಡಗಾಲಿನ ಚಪ್ಪಲಿ, ಕೆಂಪು ಧೂಳು, ಯಾರದೋ ಹಸಿರು ಸೀರೆಯ ಅಂಚು, ಒಂದು ಬಿದಿರು ಬುಟ್ಟಿ. ಬುಟ್ಟಿಯಲ್ಲಿ ಎಲೆಯ ಪೊಟ್ಟಣ, ಅದರೊಳಗೆ ಕಪ್ಪು ಹಣ್ಣು.

"ಕವಳಿ ಹಣ್ಣು!" ಅಂದಳು.

ಇಲ್ಲಿಯವರು ಕರವಂದ ಅಂತಾರೆ. ಬೇಸಿಗೆಯಲ್ಲಿ ದಾರಿ ಉದ್ದಕ್ಕೂ ಹೆಂಗಸರು ಮಾರುತ್ತಾರೆ. ಆ ಒಂದು ಫೋಟೋದಿಂದ ಅವ್ವ ಹೊರಟಳು ನೋಡು. ಅವಳ ತವರು ಅಳ್ನಾವರ ಕಡೆಯ ಹಳ್ಳಿ. ಶಾಲೆ ಬಿಟ್ಟಮೇಲೆ ಐದು ಹುಡುಗಿಯರು ಕಾಡಂಚಿಗೆ ಹೋಗೋದು, ಕವಳಿ ಮುಳ್ಳಿಗೆ ಲಂಗ ಹರಿಯೋದು, ಹಾಲಿನಂಥ ಅಂಟು ಬೆರಳಿಗೆ ಮೆತ್ತಿ ಎರಡು ದಿನ ಹೋಗದೇ ಇರೋದು. ಹಣ್ಣು ಒಡೆದು ಒಳಗೆ ಕೆಂಪಿದ್ದರೆ ಹುಂಜ, ಬಿಳಿ ಇದ್ದರೆ ಹೇಟೆ ಅಂತ ಪಂಥ ಕಟ್ಟೋದು. ಐವತ್ತು ವರ್ಷದಲ್ಲಿ ಅವಳು ಇದನ್ನು ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ ಬಿಡು. ಅಂದು ಸಂಜೆ ನಾವು ಸಿಂಹಗಡ ಅರ್ಧಕ್ಕೇ ಬಿಟ್ಟು ಅಳ್ನಾವರದ ಕಾಡಿಗೆ ಹೋದೆವು. ರಾತ್ರಿ ಅಡುಗೆ ತಡವಾಯಿತು.

ಜೂನ್ 3ಕ್ಕೆ ನಿಸರ್ಗ ಚಂಡಮಾರುತ ಬಂದು ನಮ್ಮ ಗೇಟಿನ ಮುಂದಿನ ಗಿಡ ಬಿತ್ತು. ಆಷಾಢ ಏಕಾದಶಿಗೆ ಪಂಢರಪುರಕ್ಕೆ ಹೋಗುವ ಪಾಲಕಿ ನಡೆದು ಬರಲಿಲ್ಲ. ಆ ವರ್ಷ ಜ್ಞಾನೇಶ್ವರ, ತುಕಾರಾಮರ ಪಾದುಕೆಗಳು ಪಂಢರಪುರಕ್ಕೆ ಬಸ್ಸಿನಲ್ಲಿ ಹೋದವು. ಅವ್ವ ಟಿವಿ ಮುಂದೆ ಕೈಮುಗಿದು "ದೇವರಿಗೂ ನಡಿಯೂದು ತಪ್ಪಿಸಿದರು" ಅಂದಳು. ಜುಲೈನಲ್ಲಿ ಪುಣೆಗೆ ಮತ್ತೆ ಹತ್ತು ದಿನ ಕಟ್ಟುನಿಟ್ಟಿನ ಲಾಕ್‌ಡೌನ್. ನಮ್ಮ ಐದು ಗಂಟೆಯ ನಡಿಗೆ ಮಾತ್ರ ತಪ್ಪಲಿಲ್ಲ.

ದೀಪಾವಳಿ ಮುಗಿದ ಮೇಲೆ ಅವ್ವನನ್ನು ಕಾರಿನಲ್ಲಿ ಕರೆದುಕೊಂಡು ಹೊರಟೆವು. 400 ಕಿಲೋಮೀಟರ್‌ಗೂ ಜಾಸ್ತಿ ದಾರಿ. ಅಷ್ಟೂ ಹೊತ್ತು ಕಿಟಕಿ ಬಿಟ್ಟು ಕಣ್ಣು ತೆಗೆಯಲಿಲ್ಲ. ಧಾರವಾಡಕ್ಕೆ ಬಂದ ಕೂಡಲೇ "ಸಪ್ತಾಪುರದ ಮ್ಯಾಲಿಂದ ಹೋಗೂಣು" ಅಂದಳು. ಹೋದೆವು. ಎರಡನೇ ತಿರುವು. ಬೇವಿನ ಗಿಡ ಇದೆ, ಅದರ ಕೆಳಗೆ ಮೊಬೈಲ್ ರಿಪೇರಿ ಅಂಗಡಿ. ಗಿರಣಿ ಎದುರುಗಡೆ ಇದೆ. ಕಾರು ಇಳಿದು ಗಿರಣಿಯವರನ್ನು ಕೇಳಿದೆ. ಐದಾರು ವರ್ಷದ ಹಿಂದೆ ಆ ಬದಿಯಿಂದ ಈ ಬದಿಗೆ ಬಂದೆವು ಅಂದರು. ಬೋರ್ಡು ಹಳೆಯದೇ, ಕಿತ್ತು ತಂದು ಹೊಡೆದಿದ್ದಾರೆ. ನನ್ನ ನೆನಪು ಎಲ್ಲಿಂದ ಬಂತು ಅಂದರೆ, ನಡುವೆ ಯಾವಾಗಲೋ ಆಟೋದಲ್ಲಿ ಹೋಗುವಾಗ ಹೊಸ ಜಾಗ ನೋಡಿದ್ದೆ ಅಂತ ಕಾಣುತ್ತದೆ.

ವಾಪಸ್ ಕಾರು ಹತ್ತಿದಾಗ ಅವ್ವ ನನ್ನ ಕಡೆ ನೋಡಲಿಲ್ಲ. "ಫೋಟೋ ನಂಬಿದಿ" ಅಂದಳು, ಅಷ್ಟೇ.

ಈಗ ನಿನ್ನ ಸುದ್ದಿಗೆ ಬರೋಣ. ರಾತ್ರಿ ಒಬ್ಬಳೇ ಹಾಸಿಗೆಯಲ್ಲಿ ಮಲಗಿ ಊರು ನೆನೆಸಬೇಡ, ಅದು ಬರೀ ಅಳು. ಸಂಜೆ ಐದಕ್ಕೆ ಅಮ್ಮನಿಗೆ ಫೋನ್ ಹಚ್ಚು. "ಊಟ ಆಯ್ತಾ, ಕಾಲು ಹ್ಯಾಂಗದ" ಮುಗಿದ ಮೇಲೆ ಇನ್ನೇನು ಮಾತು ಉಳಿಯುತ್ತದೆ ಹೇಳು? ಅಲ್ಲಿಂದ ನಡೆಯಲು ಶುರು ಮಾಡಿ. ಒಂದೇ ದಾರಿ ಹಿಡಿ, ಚಿಲಕ ಹಾಕಿಕೊಂಡೇ ಹೊರಡು. ಏರು ಬಂದರೆ ನಿಧಾನ ಮಾಡು. ಜಗಳ ಬಂದರೆ ಬರಲಿ, ಫೋಟೋ ನೋಡಿ ಬೇಗ ತೀರ್ಮಾನ ಮಾಡಬೇಡ. ರೂಮಿನ ಹುಡುಗಿ ಆಫೀಸಿಂದ ಬರುವಾಗ ಕಾರ್ವೇನಗರದ್ದೂ ಒಂದೆರಡು ಫೋಟೋ ತೆಗೆದು ತರಲಿ. ವಡಾಪಾವ್ ಗಾಡಿ, ನೀನು ಬಸ್ಸಿಗೆ ಕಾಯುತ್ತಿದ್ದ ಜಾಗ, ನಿನ್ನನ್ನು ಬೀಳಿಸಿದ ಆ ಮೆಟ್ಟಿಲು. ಅವು ಬೇಕಾಗುತ್ತವೆ.

ಪ್ಲಾಸ್ಟರ್ ಬಿಚ್ಚಿ ಡಾಕ್ಟರ್ ಹೂಂ ಅಂದಮೇಲೆ ಒಂದು ಭಾನುವಾರ ಬೆಳಿಗ್ಗೆ ಆರಕ್ಕೆ ಬಾ, ವೇತಾಳ ಟೇಕಡಿಗೆ ಹೋಗೋಣ. ನಾನೂ ಈಗ ನಿಧಾನವೇ. ಚಪ್ಪಲಿ ಬೇಡ, ಶೂ ಹಾಕಿಕೊಂಡು ಬಾ, ಸಣ್ಣ ಕಲ್ಲು ಜಾರುತ್ತವೆ.

ದೀಪಾವಳಿಗೆ ಊರಿಗೆ ಹೋಗುತ್ತೀಯಲ್ಲ, ಸಪ್ತಾಪುರದ ಕಡೆ ಹೋದರೆ ಅವ್ವನಿಗೆ ಆ ಬೇವಿನ ಗಿಡದ ಒಂದು ಫೋಟೋ ತಗೊಂಡು ಬಾ. ಗಿರಣಿ ಬರದಿದ್ದರೂ ನಡೆಯುತ್ತದೆ.