ಓದುಗರ ಪ್ರಶ್ನೆ: ಪರ್ಷಿಯದ ಕಡಗದ ಹರಳುಗಳು ಎಲ್ಲಿ ಹೋದವು?

ಪ್ರಶ್ನೆ: ನಮ್ಮ ತಂದೆಯವರು ಚಿನ್ನದ ಗಣಿಯಲ್ಲಿ ದುಡಿದವರು. ಈಚೆಗೆ ಮಗಳ ಪುಸ್ತಕವೊಂದರಲ್ಲಿ ಪ್ರಾಚೀನ ಪರ್ಷಿಯದ ಚಿನ್ನದ ಕಡಗದ ಚಿತ್ರ ನೋಡಿದೆವು. ಅದರ ಎರಡು ತುದಿಗಳಲ್ಲೂ ರೆಕ್ಕೆ, ಕೊಂಬುಗಳಿರುವ ಮೃಗಗಳಿದ್ದು, ಅವುಗಳ ಮೈಮೇಲೆಲ್ಲ ಖಾಲಿ ಗುಳಿಗಳಿವೆ. ಅದು ಅರ್ಧಕ್ಕೆ ನಿಂತ ಕೆಲಸವೇ? ಆ ಚಿನ್ನ ನಮ್ಮ ಕೋಲಾರದಿಂದ ಹೋಗಿರಬಹುದೇ?
— ಓದುಗರೊಬ್ಬರು, ರಾಬರ್ಟ್‌ಸನ್‌ಪೇಟೆ

ಉತ್ತರ: ತಾವು ನೋಡಿದ್ದು ಆಕ್ಸಸ್ ನಿಧಿಯ ಕಡಗದ ಚಿತ್ರವಾಗಿರಬೇಕು. ಇಂದು ಅಮು ದರಿಯಾ ಎಂದು ಕರೆಯುವ, ಮಧ್ಯ ಏಷ್ಯಾದ ಆಕ್ಸಸ್ ನದಿಯ ದಡದಲ್ಲಿ, ಸುಮಾರು 1877ರಿಂದ 1880ರ ನಡುವೆ ದೊರೆತ ಈ ನಿಧಿಯಲ್ಲಿ ನಾಣ್ಯಗಳನ್ನು ಬಿಟ್ಟು ಚಿನ್ನ, ಬೆಳ್ಳಿಯ ಸುಮಾರು 180 ವಸ್ತುಗಳಿವೆ. ತಾವು ವರ್ಣಿಸಿದಂಥ ಕಡಗಗಳ ಜೋಡಿಯಲ್ಲಿ ಒಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ, ಇನ್ನೊಂದು ಅದೇ ನಗರದ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಕೆಲಸ ಅರ್ಧಕ್ಕೆ ನಿಂತದ್ದಲ್ಲ. ಆ ಗುಳಿಗಳಲ್ಲಿ ಬಣ್ಣದ ಕಲ್ಲುಗಳಿದ್ದವು. ಕಾಲಾಂತರದಲ್ಲಿ ಅವುಗಳಲ್ಲಿ ಬಹುಪಾಲು ಉದುರಿಹೋದವು. ನಮ್ಮ ಮನೆಗಳಲ್ಲಿ ಹಳೆಯ ಹರಳಿನೋಲೆಯ ಕಲ್ಲು ಬಿದ್ದುಹೋದಾಗ ಉಳಿಯುವ ಬರಿಗುಳಿಯನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ.

ಆ ಕಲ್ಲುಗಳು ಉದುರದೆ ಇದ್ದಿದ್ದರೆ ಒಡವೆ ಹೇಗೆ ಕಾಣುತ್ತಿತ್ತೆಂಬುದಕ್ಕೆ ಇಂದಿನ ಇರಾನಿನಲ್ಲಿರುವ ಪರ್ಷಿಯದ ಪ್ರಾಚೀನ ರಾಜಧಾನಿ ಸೂಸಾ ನಗರದ ಸಮಾಧಿಯೊಂದು ಉತ್ತರ ಕೊಡುತ್ತದೆ. 1901ರಲ್ಲಿ ಫ್ರೆಂಚ್ ಉತ್ಖನನಕಾರ ಜಾಕ್ ದ ಮಾರ್ಗನ್ ಅಲ್ಲಿ ಕಂಚಿನ ಶವಪೆಟ್ಟಿಗೆಯೊಂದನ್ನು ಕಂಡುಹಿಡಿದರು. ಕ್ರಿ.ಪೂ. 4ನೆಯ ಶತಮಾನದ ಆ ಸಮಾಧಿಯಲ್ಲಿ ಸಿಂಹದ ತಲೆಗಳಿರುವ ಕಂಠಾಭರಣ, ಅದಕ್ಕೆ ಹೊಂದುವ ಕಡಗಗಳು, ಕಿವಿಯೋಲೆಗಳು, ಮಣಿಸರಗಳು ದೊರೆತವು; ಅವು ಈಗ ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿವೆ. ಅವುಗಳಲ್ಲಿ ಫಿರೋಜಾ ಎಂಬ ತಿಳಿನೀಲಿ ಕಲ್ಲು, ಲ್ಯಾಪಿಸ್ ಲಾಜುಲಿ ಎಂಬ ಕಡುನೀಲಿ ಕಲ್ಲುಗಳ ಚೂರುಗಳು ಇನ್ನೂ ಕೂತಿವೆ. ಇಂದು ಪುಸ್ತಕಗಳಲ್ಲಿ ಹಳದಿಯಾಗಿ ಮಾತ್ರ ಕಾಣುವ ಪರ್ಷಿಯದ ಒಡವೆ ತನ್ನ ಕಾಲದಲ್ಲಿ ನೀಲಿ, ಕೆಂಪುಗಳಿಂದ ತುಂಬಿತ್ತು. ಅಲ್ಲಿನ ಅಕ್ಕಸಾಲಿಗೆ ಚಿನ್ನವೆಂಬುದು ಬಣ್ಣವನ್ನು ಹಿಡಿದಿಡುವ ಕಟ್ಟೂ ಆಗಿತ್ತು ಎಂಬುದನ್ನು ಮರೆತರೆ ಆ ಕಲೆಯ ಅರ್ಧವನ್ನೇ ನಾವು ನೋಡಿದಂತಾಗುತ್ತದೆ.

ಚಿನ್ನದ ಮೂಲದ ವಿಷಯದಲ್ಲಿ ನಮಗೆ ಪರ್ಷಿಯದ ದೊರೆ ದಾರಯವಹುವಿನ (ಮೊದಲನೆಯ ಡೇರಿಯಸ್) ಮಾತೇ ಇದೆ. ಸೂಸಾದ ಅರಮನೆ ಕಟ್ಟಿಸಿದ ಬಗೆಯನ್ನು ಹೇಳುವ ಅವನ ಶಾಸನವು, ಚಿನ್ನ ಇಂದಿನ ಟರ್ಕಿಯ ಸಾರ್ಡಿಸ್ ಮತ್ತು ಇಂದಿನ ಅಫ್ಘಾನಿಸ್ತಾನದ ಕಡೆಯ ಬ್ಯಾಕ್ಟ್ರಿಯದಿಂದಲೂ, ಲ್ಯಾಪಿಸ್ ಲಾಜುಲಿ ಹಾಗೂ ಕೆಂಪು ಕಾರ್ನೀಲಿಯನ್ ಮಧ್ಯ ಏಷ್ಯಾದ ಸೊಗ್ಡಿಯದಿಂದಲೂ, ಫಿರೋಜಾ ಅಲ್ಲಿನದೇ ಖ್ವಾರಜ್ಮಿನಿಂದಲೂ ಬಂದವೆಂದು ತಿಳಿಸುತ್ತದೆ. ಅದಕ್ಕಿಂತ ನನಗೆ ಮುಖ್ಯವೆನಿಸುವುದು ಮುಂದಿನ ಮಾತು: ಚಿನ್ನದ ಕೆಲಸ ಮಾಡಿದವರು ಮೀಡಿಯರು (ವಾಯವ್ಯ ಇರಾನಿನ ಜನ) ಮತ್ತು ಈಜಿಪ್ಟಿನವರು ಎಂದು ಅಲ್ಲಿ ಬರೆದಿದೆ. ಕೆಲಸಗಾರರನ್ನು ಅವರ ನಾಡಿನ ಹೆಸರು ಹಿಡಿದು ದೊರೆಯೊಬ್ಬ ಕಲ್ಲಿನಲ್ಲಿ ನೆನೆದದ್ದು ಸಣ್ಣ ಸಂಗತಿಯಲ್ಲ. ಪರ್ಷಿಯದ ಕಲೆ ಎಂದು ನಾವು ಕರೆಯುವುದು ಹಲವು ನಾಡುಗಳ ಕುಲುಮೆಗಳಲ್ಲಿ ಪಳಗಿದ ಕೈಗಳು ಒಂದೆಡೆ ಸೇರಿ ಮಾಡಿದ ಕೆಲಸ.

ಆ ಶಾಸನದಲ್ಲಿ ಭಾರತದ ಹೆಸರು ದಂತದ ಸಂಬಂಧದಲ್ಲಿ ಬರುತ್ತದೆ, ಚಿನ್ನದ ಸಂಬಂಧದಲ್ಲಿ ಅಲ್ಲ. ಆದರೆ ಗ್ರೀಕ್ ಇತಿಹಾಸಕಾರ ಹೆರೊಡೋಟಸ್, ಭಾರತದವರು ಪರ್ಷಿಯದ ದೊರೆಗೆ ವರ್ಷಕ್ಕೆ 360 ಟ್ಯಾಲೆಂಟ್ ತೂಕದ ಚಿನ್ನದ ಪುಡಿಯನ್ನು ಕಪ್ಪವಾಗಿ ಕೊಡುತ್ತಿದ್ದರೆಂದು ಬರೆದಿದ್ದಾನೆ. ಪರ್ಸೆಪೊಲಿಸ್ ಅರಮನೆಯ ಮೆಟ್ಟಿಲಗೋಡೆಯಲ್ಲಿ ಭುಜದ ಮೇಲೆ ಅಡ್ಡೆ ಹೊತ್ತು, ಅದರ ತಕ್ಕಡಿಯಂಥ ಬುಟ್ಟಿಗಳಲ್ಲಿ ಸಣ್ಣ ಚೀಲಗಳನ್ನಿಟ್ಟುಕೊಂಡು ಬರುವ ಭಾರತೀಯನೊಬ್ಬನ ಉಬ್ಬುಶಿಲ್ಪವೂ ಇದೆ. ಆ ಚೀಲಗಳಲ್ಲಿರುವುದು ಚಿನ್ನದ ಪುಡಿಯೆಂದು ವಿದ್ವಾಂಸರು ಭಾವಿಸುತ್ತಾರೆ. ಇಲ್ಲಿ ಭಾರತವೆಂದರೆ ಪರ್ಷಿಯದ ಆಳ್ವಿಕೆಗೆ ಒಳಪಟ್ಟಿದ್ದ ಸಿಂಧೂ ಪ್ರಾಂತ. ನಮ್ಮ ಕೋಲಾರದ ಚಿನ್ನವಾದರೋ ಗಟ್ಟಿಯಾದ ಬಿಳಿಕಲ್ಲಿನ ಪದರಗಳಲ್ಲಿ ಹುದುಗಿರುವಂಥದ್ದು, ಅದನ್ನು ಬಂಡೆ ಒಡೆದೇ ತೆಗೆಯಬೇಕು ಎಂಬುದನ್ನು ತಮ್ಮ ತಂದೆಯವರು ನನಗಿಂತ ಚೆನ್ನಾಗಿ ಬಲ್ಲರು. ಆ ಕಡಗ ಕೋಲಾರದ ಚಿನ್ನದ್ದೆಂದು ಹೇಳಲು ಆಧಾರವಿಲ್ಲ.

ಇಷ್ಟು ದೊಡ್ಡ ಸಾಮ್ರಾಜ್ಯದ ಒಡವೆಗಳು ಇಷ್ಟು ಕಡಿಮೆ ಏಕೆ ಉಳಿದವೆಂದು ತಾವು ಕೇಳಿಲ್ಲವಾದರೂ ಒಂದು ಮಾತು ಸೇರಿಸುತ್ತೇನೆ. ಅಲೆಕ್ಸಾಂಡರನು ಕ್ರಿ.ಪೂ. 330ರಲ್ಲಿ ಪರ್ಸೆಪೊಲಿಸ್ಸಿನ ಭಂಡಾರವನ್ನು ವಶಪಡಿಸಿಕೊಂಡನು. ಲೂಟಿಯಾದ ಚಿನ್ನ ಸಾಮಾನ್ಯವಾಗಿ ಮೂಸೆಗೆ ಹೋಗುತ್ತದೆ. ಮಗಳ ಮದುವೆಗೆಂದು ಅಜ್ಜಿಯ ಅಡ್ಡಿಕೆಯನ್ನು ಕರಗಿಸಿ ಹೊಸ ಸರ ಮಾಡಿಸುವ ನಮ್ಮ ಮನೆಗಳಲ್ಲೂ ನಡೆಯುವುದು ಅದೇ. ಉಳಿದಿರುವುದೆಲ್ಲ ಯಾರ ಕೈಗೂ ಸಿಗದೆ ಮಣ್ಣಿನಲ್ಲಿ ಮರೆಯಾಗಿದ್ದದ್ದು. ವಾಯವ್ಯ ಇರಾನಿನ ಹಸನ್ಲು ಎಂಬಲ್ಲಿ 1958ರಲ್ಲಿ ದೊರೆತ ಚಿನ್ನದ ಬಟ್ಟಲು, ಸುಮಾರು ಕ್ರಿ.ಪೂ. 800ರಲ್ಲಿ ಶತ್ರುಗಳು ಊರಿಗೆ ಬೆಂಕಿಯಿಟ್ಟಾಗ ಕುಸಿದ ಕಟ್ಟಡದಡಿ, ಅದನ್ನು ಹೊತ್ತು ಸಾಗುತ್ತಿದ್ದವರ ಅಸ್ಥಿಪಂಜರಗಳ ಜೊತೆಗೇ ಸಿಕ್ಕಿತು.

ಪ್ರಶ್ನೆ: ಒಡವೆಯ ಅಂಗಡಿಗಳಲ್ಲಿ ಹೇಳುವ ‘ಮೀನಾಕಾರಿ’ಗೂ ಮೀನಿಗೂ ಏನಾದರೂ ಸಂಬಂಧವಿದೆಯೇ? ಅದು ಪರ್ಷಿಯದಿಂದ ಬಂದದ್ದೆನ್ನುವುದು ನಿಜವೇ?
— ಓದುಗರೊಬ್ಬರು, ಚಿಂತಾಮಣಿ

ಉತ್ತರ: ಮೀನಿಗೆ ಸಂಬಂಧವಿಲ್ಲ. ‘ಮೀನಾ’ ಎಂಬುದು ಲೋಹದ ಮೇಲಿನ ಬಣ್ಣದ ಗಾಜಿನ ಲೇಪಕ್ಕೆ ಇರುವ ಪರ್ಷಿಯನ್ ಪದ. ಮೇಲಿನ ಕಡಗದಲ್ಲಿ ಕಲ್ಲನ್ನು ಗುಳಿಯ ಅಳತೆಗೆ ಕೊರೆದು ಕೂರಿಸಿದ್ದರು. ಮೀನಾಕಾರಿಯಲ್ಲಿ ಗಾಜಿನ ನುಣ್ಣನೆಯ ಪುಡಿಯನ್ನು ಗುಳಿಯಲ್ಲಿ ತುಂಬಿ, ಬೆಂಕಿಯಲ್ಲಿ ಕರಗಿಸಿ ಚಿನ್ನಕ್ಕೇ ಅಂಟಿಸುತ್ತಾರೆ. ಪದ ಪರ್ಷಿಯದ್ದಾದರೂ ಈ ಕಸುಬು ಒಂದೇ ನಾಡಿನ ಸ್ವತ್ತಲ್ಲ.

ಇರಾನ್, ಭಾರತಗಳ ನಡುವೆ ಕುಶಲಿಗರು ಮಾತ್ರ ಸದಾ ಓಡಾಡುತ್ತಿದ್ದರು. ಇರಾನಿನ ಗೀಲಾನ್ ಪ್ರಾಂತದಿಂದ ಬಂದ ಸಯೀದಾ ಗೀಲಾನಿ ಎಂಬ ಅಕ್ಕಸಾಲಿ ಕವಿಯೂ ಆಗಿದ್ದು, ಜಹಾಂಗೀರನಿಂದ ‘ಬೇಬದಲ್ ಖಾನ್’, ಅಂದರೆ ಸಾಟಿಯಿಲ್ಲದವನು, ಎಂಬ ಬಿರುದು ಪಡೆದನು. ಷಹಜಹಾನನ ಮಯೂರ ಸಿಂಹಾಸನವು 1635ರಲ್ಲಿ ಸಿದ್ಧವಾದದ್ದು ಅವನ ಮೇಲ್ವಿಚಾರಣೆಯಲ್ಲಿ. 1739ರಲ್ಲಿ ನಾದಿರ್ ಷಾ ದೆಹಲಿಯನ್ನು ಸೂರೆಮಾಡಿ ಆ ಸಿಂಹಾಸನವನ್ನು ಇರಾನಿಗೆ ಒಯ್ದನು. ಸಿಂಹಾಸನ ಉಳಿಯಲಿಲ್ಲ, ಅದೇ ಸೂರೆಯಲ್ಲಿ ಹೋದ ಗೋಲ್ಕೊಂಡ ಸೀಮೆಯ ತಿಳಿಗುಲಾಬಿ ವಜ್ರ ದರಿಯಾ-ಇ-ನೂರ್ ಮಾತ್ರ, ಮೈಮೇಲೆ ಮುಂದೆ ಇರಾನನ್ನಾಳಿದ ಫತ್ ಅಲಿ ಷಾನ ಹೆಸರನ್ನು ಕೊರೆಸಿಕೊಂಡು, ಇಂದಿಗೂ ತೆಹರಾನಿನ ರಾಷ್ಟ್ರೀಯ ರತ್ನಭಂಡಾರದಲ್ಲಿದೆ.