ಚಲಾವಣೆಯಲ್ಲಿ ಸಿಕ್ಕ ಸ್ಮರಣಾರ್ಥ ನಾಣ್ಯ ಅಸಲಿಯೋ ನಕಲಿಯೋ, ಮನೆಯಲ್ಲೇ ಪತ್ತೆ ಮಾಡೋದು ಹೇಗೆ?

ಮೊದಲು ತೂಕ ನೋಡಿ. ನಾಣ್ಯದ ತೂಕ, ವ್ಯಾಸ, ಲೋಹ ಎಲ್ಲ ಪ್ರಕಟವಾಗಿರುತ್ತದೆ, ಹಾಗಾಗಿ ಚಿಕ್ಕ ಡಿಜಿಟಲ್ ತಕ್ಕಡಿಯೊಂದಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. 2 ಯೂರೋ ಸ್ಮರಣಾರ್ಥ ನಾಣ್ಯವನ್ನೇ ತಗೊಳ್ಳಿ (ಮೊದಲನೆಯದು 2004ರಲ್ಲಿ ಗ್ರೀಸ್ ಒಲಿಂಪಿಕ್ಸ್‌ಗೆ ತಂದದ್ದು): 8.5 ಗ್ರಾಂ, 25.75 ಮಿ.ಮೀ., ನಡುಭಾಗ ಮಾತ್ರ ಆಯಸ್ಕಾಂತಕ್ಕೆ ಸ್ವಲ್ಪ ಅಂಟುತ್ತದೆ. ಇಡೀ ನಾಣ್ಯ ಗಟ್ಟಿಯಾಗಿ ಕಚ್ಚಿಕೊಂಡರೆ ಅನುಮಾನ ಪಡಿ.

ಆಮೇಲೆ ಅಂಚು. ನಕಲಿ ಮಾಡುವವರು ಮುಖಕ್ಕೆ ಕೊಡುವಷ್ಟು ಗಮನ ಅಂಚಿಗೆ ಕೊಡೋದು ಕಡಿಮೆ. ಎರಕ ಹೊಯ್ದದ್ದಾದರೆ ಸುತ್ತ ಸಣ್ಣ ಜೋಡಣೆ ಗೆರೆ, ಮೈಮೇಲೆ ಗುಳ್ಳೆ ಒಡೆದಂಥ ಗುಂಡಿಗಳು, ಮಸುಕು ಅಕ್ಷರ ಕಾಣಬಹುದು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಸಾಕು.

ಚಿನ್ನದ ಲೇಪ ಹಾಕಿದ್ದು ಸಾಮಾನ್ಯವಾಗಿ ಆಮೇಲೆ ಯಾರೋ ಮಾಡಿದ ಕೆಲಸ, ಅದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ. ಮತ್ತೆ ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ!